ಕೊರಳಿಂದ ಬಂದ ಕೆಂಪು ಬಿಲ್ಲೆ

ನಮ್ಮ ಮನೆಯ ಉಗ್ರಾಣದ ಬೀಗದ ಕೈಗೆ ಒಂದು ಹಸಿರು ಬಿಲ್ಲೆ ಕಟ್ಟಿದೆ. ಎಂಟು ಮೂಲೆಯದು. ಲೋಹದ್ದಲ್ಲ, ನಾರನ್ನು ಅದುಮಿ ಗಟ್ಟಿ ಮಾಡಿದ್ದು. ಕೈಗೆ ಒಣಗಿದ ಚರ್ಮದ ಹಾಗೆ ಸಿಗುತ್ತದೆ. ಹೊಸದಾಗಿ ಮನೆಗೆ ಬಂದವರು ಇದೇನು ಅಂತ ಕೇಳುತ್ತಾರೆ. ಯುದ್ಧದ್ದು ಅನ್ನುತ್ತೇನೆ. ಅಷ್ಟು ಅಂದರೆ ಸಾಕು, ಯುದ್ಧದ ಕಥೆ ಹೇಳಿ ಅಂತ ಚಕ್ಕಳಮಕ್ಕಳ ಹಾಕಿ ಕೂತುಬಿಡುತ್ತಾರೆ. ಯುದ್ಧದ ಕಥೆ ನನಗೇನು ಗೊತ್ತು? ನಾನು ಮಧುಗಿರಿ ಬಿಟ್ಟು ಹೋದವಳೇ ಅಲ್ಲ. ನನಗೆ ಗೊತ್ತಿರುವುದು ಇದರ ಜೋಡಿ, ಆ ದುಂಡನೆಯ ಕೆಂಪು ಬಿಲ್ಲೆ, ಒಂದು ಬೆಳಗ್ಗೆ ನಮ್ಮ ಮನೆಗೆ ಬಂದದ್ದು, ಅದರಿಂದ ನಾವು ಪಟ್ಟ ಪಾಡು, ಆಮೇಲೆ ಬಿಟ್ಟ ಉಸಿರು. ಆ ಉಸಿರು ನೆನೆಸಿಕೊಂಡರೆ ಈಗಲೂ ಎದೆ ಹಗುರವಾಗುತ್ತದೆ.

ಮಾವನವರದು ಹುಣಸೆಹಣ್ಣಿನ ಮಂಡಿ. ಬೆಟ್ಟದ ಕೆಳಗಿನ ಪೇಟೆಬೀದಿಯಲ್ಲಿ ಮುಂದೆ ಮಂಡಿ, ಹಿಂದೆ ಮನೆ. ಪಾವಗಡ, ಶಿರಾ, ಕೊರಟಗೆರೆ ಕಡೆಯಿಂದೆಲ್ಲ ಗಾಡಿಗಳು ಬರುತ್ತಿದ್ದವು. ಯಾರ ಮೂಟೆ ಯಾವುದು ಅಂತ ತಿಳಿಯಬೇಕಲ್ಲ, ಅದಕ್ಕೆ ಪ್ರತಿ ಮೂಟೆಯ ಬಾಯಿಗೂ ಒಂದು ತಗಡಿನ ಬಿಲ್ಲೆ ಕಟ್ಟುತ್ತಿದ್ದರು. ಬಿಲ್ಲೆಯ ಮೇಲೆ ಮಾಲಿನವನ ಗುರುತು. ಬಿಲ್ಲೆಯಿಲ್ಲದೆ ಒಂದು ಕುಕ್ಕೆ ಹಣ್ಣೂ ನಮ್ಮ ಹೊಸಿಲು ದಾಟುವಂತಿರಲಿಲ್ಲ. ಅದನ್ನು ಕಟ್ಟುವ ಗಂಟೂ ನಮ್ಮದೇ ಒಂದು ಥರ. ಎಳೆದಷ್ಟೂ ಬಿಗಿಯುತ್ತಿತ್ತು. ತುದಿ ಹಿಡಿದು ಹಿಂದಕ್ಕೆ ತಳ್ಳಿದರೆ ಮಾತ್ರ ಬಿಚ್ಚಿಕೊಳ್ಳುತ್ತಿತ್ತು. ಮಂಡಿ ಗಂಟು ಅಂತಲೇ ಅದಕ್ಕೆ ಹೆಸರು. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಅದನ್ನು ಬಿಚ್ಚುವುದಕ್ಕೆ ಹೋಗಿ ಉಗುರು ಕಿತ್ತುಕೊಂಡಿದ್ದೆ. ಮನೆಮಂದಿಯೆಲ್ಲ ನಕ್ಕಿದ್ದರು, ನನಗೆ ಸಿಟ್ಟು ಬಂದಿತ್ತು.

ಮಾವನವರು ಕಟ್ಟಾ ಶಿವಭಕ್ತರು. ಮೂರು ಹೊತ್ತು ಅಂಗೈಯಲ್ಲಿ ಲಿಂಗವಿಟ್ಟು ಪೂಜೆಯಾಗದೆ ಹನಿ ನೀರು ಮುಟ್ಟುತ್ತಿರಲಿಲ್ಲ. ಎದೆಯ ಮೇಲೆ ಲಿಂಗ ಇರುವವರು ಬೇರೆ ದೇವರ ಬಾಗಿಲಲ್ಲಿ ಕೈಮುಗಿದು ನಿಲ್ಲಬಾರದು ಅನ್ನುವುದು ಅವರ ಕಟ್ಟುನಿಟ್ಟು. ಊರಿಗೆಲ್ಲ ದೊಡ್ಡ ತಾಯಿ ದಂಡಿನ ಮಾರಮ್ಮ. ಊರಿಗೆ ಊರೇ ಅವಳಿಗೆ ನಡೆದುಕೊಳ್ಳುತ್ತಿತ್ತು. ನಮ್ಮ ಮನೆಯ ಹೆಂಗಸರು ಮಾತ್ರ ಆ ದಾರಿಯಲ್ಲಿ ಹೋಗಬೇಕಾಗಿ ಬಂದರೆ ತಲೆ ತಗ್ಗಿಸಿಕೊಂಡು ಬಿರಬಿರನೆ ದಾಟಿಬಿಡಬೇಕು. ಅತ್ತೆ ಎಲ್ಲರಿಗಿಂತ ಬಿರುಸಾಗಿ ದಾಟುತ್ತಿದ್ದರು.

ಇಂಥ ಮನೆಗೆ ಒಬ್ಬನೇ ಮಗ ನಮ್ಮವರು. ಅವರಿಗೆ ಹುಣಸೆಹಣ್ಣು ಬೇಡ, ಮೋಟಾರು ಬೇಕು. ತುಮಕೂರಿಗೆ ಹೋಗುವ ಬಸ್ಸಿನ ಹಿಂದೆ ಬಿದ್ದು, ಅದರ ಬೆನ್ನಿಗಿದ್ದ ಒಲೆಗೆ ಇದ್ದಿಲು ತುಂಬುವುದರಿಂದ ಶುರುಮಾಡಿ ಓಡಿಸುವುದನ್ನೂ ಕಲಿತುಬಿಟ್ಟರು. ಮುಖಕ್ಕೆಲ್ಲ ಮಸಿ ಮೆತ್ತಿಕೊಂಡು ಮನೆಗೆ ಬಂದ ಮಗನನ್ನು ನೋಡಿ ಮಾವನವರು ಅವತ್ತಿಂದ ಮಾತು ಬಿಟ್ಟರು. ಏನು ಹೇಳಬೇಕಾದರೂ ಅತ್ತೆಯ ಮೂಲಕ. 'ಹೇಳು ಅವನಿಗೆ, ಮಂಡಿ ಬಾಗಿಲಲ್ಲಿ ನಿಲ್ಲಬ್ಯಾಡ ಅಂತ.' ಇವರು ಎದುರಿಗೇ ನಿಂತಿರುತ್ತಿದ್ದರು. ಅತ್ತೆ ಅದೇ ಮಾತನ್ನು ಇನ್ನೊಂದು ಸಲ ಹೇಳಬೇಕು. ಮಗನ ಉತ್ತರವೂ ಅದೇ ದಾರಿಯಲ್ಲಿ ವಾಪಸ್ಸು. ನನಗೆ ನಗು ತಡೆಯಲಾಗದೆ ಹಿತ್ತಲಿಗೆ ಓಡುತ್ತಿದ್ದೆ. ಆದರೆ ಅತ್ತೆ ಅದರಲ್ಲಿ ಸವೆದುಹೋಗಿದ್ದರು.

ಯುದ್ಧ ಬಂತು. ಲಾರಿ ಓಡಿಸುವವರು ಬೇಕು ಅಂತ ದಂಡಿನವರು ಕೇಳಿದ್ದೇ ತಡ, ಇವರು ಹೋಗಿ ಸೇರಿಕೊಂಡರು. ಒಂದು ಸಲ ರಜಕ್ಕೆ ಬಂದಾಗ ಅಂಗಿ ಬಿಚ್ಚಿದ್ದೇ ನಾನು ಆ ಬಿಲ್ಲೆಗಳನ್ನು ಕಂಡೆ. ಶಿವದಾರದಲ್ಲಿ ಲಿಂಗ, ಅದರ ಪಕ್ಕದಲ್ಲಿ ಬೇರೆ ಹುರಿಗೆ ಹಸಿರೊಂದು, ಕೆಂಪೊಂದು. ಅದರಲ್ಲಿ ಇವರ ಹೆಸರು, ನಂಬರು, ಜಾತಿಮತಕ್ಕೊಂದು ಅಕ್ಷರ, ಎಲ್ಲ ಇಂಗ್ಲಿಷಿನಲ್ಲಿ ಒತ್ತಿತ್ತು.

'ಮೂಟೆಗೆ ಕಟ್ಟಿದಂಗೆ ಕಟ್ಟವ್ರಲ್ಲ ನಿಮಗೆ,' ಅಂದೆ.

'ಸರ್ಕಾರದ ಮಾಲು ಕಣೇ ನಾನೀಗ,' ಅಂದು ನಕ್ಕರು.

'ಎರಡ್ಯಾಕೆ?'

'ಒಂದು ಕಳೆದ್ರೆ ಇನ್ನೊಂದಿರ್ಲಿ ಅಂತ.'

ನಾನು ಅದನ್ನೇ ನಂಬಿದೆ. ಹೊರಡುವ ದಿನ ಬಸ್ಸಿನ ಹತ್ತಿರ ಅತ್ತೆ ಮಗನ ಕಿವಿಯಲ್ಲಿ ಏನೋ ಹೇಳಿದರು. ಇವರು ತಲೆಯಾಡಿಸಿದರು. ಹೊತ್ತು ಹೊತ್ತಿಗೆ ಉಣ್ಣು ಅಂದಿರಬೇಕು ಅಂದುಕೊಂಡೆ. ಮಾವನವರು ಮಂಡಿಯ ಒಳಗೇ ಇದ್ದರು. ಬಸ್ಸು ಹೊಗೆ ಬಿಟ್ಟುಕೊಂಡು ಬೀದಿ ತಿರುಗುವ ತನಕ ತಕ್ಕಡಿಯ ಮುಂದಿಂದ ತಲೆಯೆತ್ತಲಿಲ್ಲ. ಆದರೆ ತಕ್ಕಡಿಯಲ್ಲಿ ಏನೂ ಇರಲಿಲ್ಲ, ನಾನು ನೋಡಿದೆ.

ಇವರನ್ನು ಪೂರ್ವದ ಕಡೆಗೆ, ಬರ್ಮಾ ಗಡಿಯ ಕಾಡಿಗೆ ಕಳಿಸಿದರು. ಆವಾಗಾವಾಗ ಒಂದು ಕಾರ್ಡು ಬರುತ್ತಿತ್ತು. ಆಮೇಲೆ ಅದೂ ತಡವಾಯಿತು. ಆ ಹೊತ್ತಿನಲ್ಲೇ ಕೊಳಾಲದಲ್ಲಿದ್ದ ನಾದಿನಿಗೆ ಹೆರಿಗೆಯಾಗಿ, ಅತ್ತೆ ಬಾಣಂತನಕ್ಕೆ ಅಂತ ಅಲ್ಲಿಗೆ ಹೋದರು. ಮನೆಯಲ್ಲಿ ಉಳಿದದ್ದು ಮಾವನವರು, ಅವರ ಅಕ್ಕ, ನಾನು. ಗಂಡನಿಲ್ಲದ ಆ ಅಕ್ಕನನ್ನು ನಾನು ದೊಡ್ಡತ್ತೆ ಅನ್ನುತ್ತಿದ್ದೆ. ಅವರು ಪ್ರಪಂಚದಲ್ಲಿ ಒಳ್ಳೆಯದಾಗುತ್ತದೆ ಅಂತ ಒಂದು ದಿನವೂ ನಂಬಿದವರಲ್ಲ.

ಒಂದು ಬೆಳಗ್ಗೆ ಮಾವನವರು ಪೂಜೆಯಲ್ಲಿದ್ದರು. ಮಂಡಿಯ ಗುಮಾಸ್ತ ಒಳಗೆ ಬಂದು ಹೊಸಿಲ ಹತ್ತಿರ ನಿಂತ. ಪಾವಗಡದ ಕಡೆಯವನು, ಅರ್ಧ ತೆಲುಗು, ಅರ್ಧ ಕನ್ನಡ. ಅವನ ಅಂಗೈಯಲ್ಲಿ ಒಂದು ಕಾಗದದ ಪೊಟ್ಟಣ ಬಿಚ್ಚಿಕೊಂಡಿತ್ತು. ಅದರಲ್ಲಿ ಆ ಕೆಂಪು ಬಿಲ್ಲೆ, ಅದಕ್ಕೊಂದು ಕಪ್ಪು ಹುರಿ.

'ಯಾರೋ ಸಿಪಾಯಿ ಸಾಮಿ. ಶಿರಾ ಸಾಬರ ಹುಡುಗ ಇರ್ಬೇಕು. ಮನೇಲಿ ಕೊಡಿ, ಜರೂರ್ ಅಂತ ಕೊಟ್ಟು ಹೋಗ್ಬುಟ್ಟ. ಕೂತ್ಕೊ ಅಂದ್ರೆ ಕೂರಲಿಲ್ಲ. ನೀಳ್ಳು ಕೊಡ್ತೀನಿ ಅಂದೆ, ನೀರು ಕೂಡ ಮುಟ್ಟಲಿಲ್ಲ. ನಗಲಿಲ್ಲ.'

ಶಿರಾ ಬಸ್ಸು ಹೊರಡುವ ಹೊತ್ತಿನಲ್ಲಿ ಯಾರು ತಾನೇ ಕೂತು ನಗುತ್ತಾರೆ? ಈ ಬುದ್ಧಿ ಅವತ್ತು ನಮಗೆ ಒಬ್ಬರಿಗೂ ಬರಲಿಲ್ಲ. ಆ ಹುಡುಗ 'ಅವನ ಅಮ್ಮಾಜಾನ್ ಕೈಗೇ ಕೊಡಿ' ಅಂತ ಎರಡು ಸಲ ಹೇಳಿದ್ದನಂತೆ. ಅದನ್ನು ಗುಮಾಸ್ತ ಮರೆತೇಬಿಟ್ಟಿದ್ದ.

ಮನೆಯಲ್ಲಿ ಇಂಗ್ಲಿಷ್ ಅಕ್ಷರ ಗೊತ್ತಿದ್ದವಳು ನಾನೊಬ್ಬಳೇ. ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಮಾಧ್ಯಮಿಕದ ತನಕ ಓದಿದ್ದೆ. ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಇವರ ಹೆಸರು. ಗಂಡನ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ದೊಡ್ಡತ್ತೆ ಅದಕ್ಕೆ ಬೈಯಲಿಲ್ಲ, ಆಗಲೇ ನನಗೆ ಹೆದರಿಕೆ ಹತ್ತಿತು.

ಬೀದಿಯ ಕೊನೆಯಲ್ಲಿ ಹಳೇ ಸಿಪಾಯಿಯೊಬ್ಬರಿದ್ದರು. ಮಹಾರಾಜರ ಕುದುರೆ ದಂಡಿನಲ್ಲಿದ್ದು, ಹಿಂದಿನ ದೊಡ್ಡ ಯುದ್ಧಕ್ಕೆ ಮರಳುಗಾಡಿನ ದೇಶಕ್ಕೆ ಹೋಗಿ ಬಂದವರು. ಅವರನ್ನು ಕರೆಸಿದರು. ಜಗುಲಿಯ ಮೇಲೆ ಕೂತು ಬಿಲ್ಲೆಯನ್ನು ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ.

'ನಾವು ದಂಡಿಗೆ ಸೇರ್ದಾಗ ಬಿಲ್ಲೆ ಒಂದೇ ಕಣಪ್ಪ,' ಅಂದರು. 'ಸತ್ತೋನ ಕೊರಳಿಂದ ಅದನ್ನ ಬಿಚ್ಕೊಂಡು ಹೋಗೋರು, ಮ್ಯಾಲಿನೋರಿಗೆ ಹೆಸರು ಗೊತ್ತಾಗ್ಲಿ ಅಂತ. ಅದ್ರಿಂದ ಏನಾಯ್ತು, ಹೆಣಕ್ಕೆ ಹೆಸರೇ ಇಲ್ದಂಗಾಯ್ತು. ಹೂಳೋರಿಗೆ ಇವನ್ಯಾರು ಅಂತ ಗೊತ್ತಾಗ್ದು. ಸಾವಿರಾರು ಜನ ಅಂಗೇ ಮಣ್ಣಾಗೋದ್ರು. ಅದಕ್ಕೇ ಆಮ್ಯಾಕೆ ಎರಡು ಮಾಡಿದ್ರು. ಹಸಿರ್ದು ಮೈ ಜೊತೆ ಮಣ್ಣಿಗೆ. ಕೆಂಪ್ದು…'

ಮಾವನವರು 'ಹೇಳಿ' ಅಂದರು.

'ಕೆಂಪ್ದು ವಾಪಸ್ಸು ಬರ್ತೈತೆ. ತಂತಿ ಬಂತಾ?'

'ಇಲ್ಲ.'

'ಅಂಗಾರೆ ತಂತಿ ಬರ್ಲಿ, ತಡೀರಿ,' ಅಂದು ಬಿಲ್ಲೆಯನ್ನು ಮಾವನವರ ಕೈಗಿಟ್ಟು ಎದ್ದರು. ಮೆಟ್ಟಿಲಿಳಿಯುವಾಗ ಪೇಟ ಸರಿಮಾಡಿಕೊಳ್ಳುವ ನೆಪದಲ್ಲಿ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ.

ಹಸಿರು ಬಿಲ್ಲೆ ಮೈಯೊಂದಿಗೆ ಮಣ್ಣಿಗೆ. ನಮ್ಮಲ್ಲಿ ಲಿಂಗವೂ ಹಾಗೆಯೇ, ಹುಟ್ಟಿದಾಗ ಕಟ್ಟಿದ್ದು ಮೈಯೊಂದಿಗೇ ಮಣ್ಣಿಗೆ ಹೋಗುತ್ತದೆ. ಆ ಕಾಡಿನಲ್ಲಿ ಯಾವುದೋ ಮಣ್ಣಿನೊಳಗೆ ಇವರ ಎದೆಯ ಮೇಲೆ ಅವೆರಡೂ ಪಕ್ಕಪಕ್ಕ ಮಲಗಿವೆ ಅನ್ನುವ ಯೋಚನೆ ತಲೆಗೆ ಹೊಕ್ಕಿತು. ಅಲ್ಲೇ ಗೋಡೆಗೊರಗಿ ಕೂತೆ.

ಮಾವನವರು ಮಂಡಿಯ ಬಾಗಿಲು ಹಾಕಿಸಿದರು. ಏನೆಂದು ಹೇಳದೆ ಅತ್ತೆಯನ್ನು ಕರೆತರಲು ಕೊಳಾಲಕ್ಕೆ ಗಾಡಿ ಕಳಿಸಿದರು. ಆಮೇಲೆ ಜಗುಲಿಯ ಮೇಲೆ ಬಿಲ್ಲೆ ಹಿಡಿದು ಕೂತವರು ಎದ್ದೇ ಇಲ್ಲ. ಸ್ವಲ್ಪ ಹೊತ್ತಿಗೊಂದು ಸಲ ನನ್ನನ್ನು ಕರೆಯುತ್ತಿದ್ದರು.

'ಓದಮ್ಮ ಇನ್ನೊಂದ್ಸಲ.'

ನಾನು ಓದುತ್ತಿದ್ದೆ. ಬಾಗಿಲಲ್ಲಿ ನಿಲ್ಲಬೇಡ ಅಂತ ಹೇಳುವುದಕ್ಕೂ ಹೆಸರು ಹಿಡಿದು ಕರೆಯದ ಮನುಷ್ಯ, ಈಗ ಆ ಹೆಸರನ್ನು ನನ್ನ ಬಾಯಿಂದ ಮತ್ತೆ ಮತ್ತೆ ಕೇಳಿಸಿಕೊಳ್ಳುತ್ತಿದ್ದರು. ನನಗೆ ಅವರ ಮೇಲೆ ಸಿಟ್ಟು ಬಂತು, ಅಯ್ಯೋ ಪಾಪ ಅಂತಲೂ ಅನ್ನಿಸಿತು. ಇದ್ದಾಗ ಕರೆದಿದ್ದರೆ ಏನಾಗುತ್ತಿತ್ತು ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಮಾರನೆಯ ದಿನ ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ನಡುಮನೆಯಲ್ಲಿ ಕೂತರು. ದೊಡ್ಡತ್ತೆ ನನ್ನ ಪಕ್ಕಕ್ಕೆ ಬಂದು ಮುಂಗೈ ಹಿಡಿದುಕೊಂಡರು. ಅವರ ಕಣ್ಣು ನನ್ನ ಬಳೆಗಳ ಮೇಲಿತ್ತು.

'ಆಗಬೇಕಾದ್ದು ಆಗ್ಲೇಬೇಕಲ್ಲ ಮಗಾ,' ಅಂದರು.

ನಾನು ಕೈ ಕಿತ್ತುಕೊಂಡೆ. 'ಸರ್ಕಾರದ ತಂತಿ ಬರ್ಲಿ ದೊಡ್ಡತ್ತೆ. ಒಂದು ಬಿಲ್ಲೆ ನೋಡಿ ಬಳೆ ಒಡ್ಕೊಳೋದಿಲ್ಲ ನಾನು.'

ಜಂಬಕ್ಕೆ ಹೇಳಿದ ಮಾತಲ್ಲ ಅದು, ಹೆದರಿಕೆಗೆ ಹೇಳಿದ್ದು. ಆ ಬಳೆಗಳನ್ನು ರಜದಲ್ಲಿ ಬಂದಾಗ ಇವರೇ ಕೊಡಿಸಿದ್ದರು. ಅವು ಕೈಯಲ್ಲಿರುವ ತನಕ ಏನೂ ಆಗಿಲ್ಲ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮಧ್ಯಾಹ್ನ ಬಾಗಿಲಲ್ಲಿ ಗಾಡಿ ನಿಂತಿತು. ಅತ್ತೆ ಇಳಿದರು. ಜನ ಸೇರಿದ್ದನ್ನು, ಮುಚ್ಚಿದ ಮಂಡಿಯನ್ನು, ಕುರುಚಲು ಗಡ್ಡ ಬಿಟ್ಟುಕೊಂಡು ಕೂತ ಗಂಡನನ್ನು ನೋಡಿದರು. ಸೆರಗು ಬಾಯಿಗೆ ಹೋಯಿತು. ದೊಡ್ಡತ್ತೆ ಅಲ್ಲಿಂದಲೇ ರಾಗ ತೆಗೆದರು. ಮಾವನವರು ಮುಷ್ಟಿ ಬಿಚ್ಚಿ ತೋರಿಸಿದರು.

ಅತ್ತೆ ಬಗ್ಗಿದರು. ನಾವೆಲ್ಲ ನೋಡಿದ ಬಿಲ್ಲೆಯನ್ನು ಅವರು ನೋಡಲೇ ಇಲ್ಲ. ಅದಕ್ಕಂಟಿದ ಆ ಕಪ್ಪು ಹುರಿಯನ್ನು ಎರಡು ಬೆರಳಲ್ಲಿ ಹಿಡಿದು, ಉಗುರಿನಿಂದ ಕೆರೆದು, ಪುರಿ ಸ್ವಲ್ಪ ಬಿಚ್ಚಿದರು. ಮೇಲೆಲ್ಲ ಬೆವರು ಮಣ್ಣು ಕೂತು ಕಪ್ಪಾಗಿತ್ತು. ಒಳಗೆ ಬಿಳಿ ನೂಲು.

'ಬಂತಾ,' ಅಂದರು. ಆಮೇಲೆ ನಕ್ಕರು. ಆ ಜಗುಲಿಯಲ್ಲಿ, ಬಾಗಿಲ ತುಂಬ ಅಷ್ಟು ಜನ ಅಳುವುದಕ್ಕೆ ಸಿದ್ಧವಾಗಿ ನಿಂತಿರುವಾಗ, ಅತ್ತೆ ನಕ್ಕರು. ದೊಡ್ಡತ್ತೆಯ ರಾಗ ಅರ್ಧಕ್ಕೇ ನಿಂತಿತು. ಬುದ್ಧಿಗೆ ಏನೋ ಆಗಿಬಿಟ್ಟಿತು ಅಂತಲೇ ನಾವೆಲ್ಲ ತಿಳಿದೆವು.

'ಇದು ನನ್ ಕೈಲಿ ಹೊಸೆದ ಶಿವದಾರ. ನಾನೇ ಕಳಿಸು ಅಂದಿದ್ದು.'

ಯಾರಿಗೂ ಅರ್ಥವಾಗಲಿಲ್ಲ. ಅತ್ತೆಯ ನಗು ನಿಂತಿತು. ಈಗ ಬಾಯಿ ಬಿಡಲೇಬೇಕಾಗಿತ್ತು, ಅದೂ ಗಂಡನ ಎದುರಿಗೆ, ಬೀದಿಯವರೆಲ್ಲರ ಎದುರಿಗೆ. ಸೆರಗಿನ ತುದಿ ತಿರುವುತ್ತಾ ಹೇಳಿದರು. ಮಗ ದಂಡಿಗೆ ಹೋದವನು, ಮಾರಮ್ಮ ದಂಡಿನ ತಾಯಿ, ಅವಳನ್ನು ಬಿಟ್ಟು ಇನ್ಯಾರನ್ನು ಕೇಳುವುದು ಅಂತ ಒಂದು ದಿನ ಅವಳ ಗುಡಿಗೆ ಹೋಗಿಬಿಟ್ಟಿದ್ದರು. ದಂಡಿಗೆ ಮಕ್ಕಳನ್ನು ಕಳಿಸಿದ ಹೆಂಗಸರಲ್ಲಿ ಆಗ ಒಂದು ಕ್ರಮ ಹುಟ್ಟಿಕೊಂಡಿತ್ತು. ಯುದ್ಧದ ಜಾಗದಲ್ಲಿ ಅವರ ಮೈಮೇಲಿದ್ದ ಏನನ್ನಾದರೂ ತರಿಸಿ ಗುಡಿಯ ಬೇವಿನ ಮರಕ್ಕೆ ಕಟ್ಟುವುದು, ಇವನು ನಿನ್ನವನು, ನೋಡಿಕೋ ಅಂತ. ಅತ್ತೆಯೂ ಹರಕೆ ಹೊತ್ತಿದ್ದರು. ಬಸ್ಸಿನ ಹತ್ತಿರ ಮಗನ ಕಿವಿಯಲ್ಲಿ ಹೇಳಿದ್ದು ಅದನ್ನೇ: ಹೊಸ ಶಿವದಾರ ಹೊಸೆದು ಕೊಟ್ಟಿದೀನಿ, ಅಲ್ಲಿಗೆ ಹೋದ ಮ್ಯಾಲೆ ಲಿಂಗಕ್ಕೆ ಅದನ್ನ ಹಾಕ್ಕೊ, ಹಳೇದನ್ನ ಯಾರ ಕೈಲಾದ್ರೂ ನಂಗೆ ಕಳಿಸು, ನಿಮ್ಮಪ್ಪನಿಗೆ ಗೊತ್ತಾಗಬ್ಯಾಡ.

'ನಾನು ಮನೇಲಿಲ್ದಾಗ ಬರ್ಬೇಕಾ ಇದು,' ಅಂದರು ಕೊನೆಗೆ.

ಮಾವನವರು ಬಿಲ್ಲೆಯನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡರು. ಅಕ್ಷರ ನೋಡುವುದಕ್ಕಲ್ಲ, ಬಿಲ್ಲೆಯ ತೂತಿನಲ್ಲಿ ದಾರ ಕಟ್ಟಿದ ಜಾಗವನ್ನು. ದಾರದ ತುದಿ ಹಿಡಿದು ಹಿಂದಕ್ಕೆ ತಳ್ಳಿದರು. ಗಂಟು ಸಲೀಸಾಗಿ ಬಿಚ್ಚಿಕೊಂಡು ಬಂತು.

'ಮಂಡಿ ಗಂಟು,' ಅಂದರು. ಸತ್ತವನ ಕೊರಳಿಂದ ತೆಗೆಯುವವರು ಕತ್ತರಿಸಿ ತೆಗೆಯುತ್ತಾರೆ. ಶಿವದಾರಕ್ಕೆ ಪೋಣಿಸಿ ಮಂಡಿ ಗಂಟು ಹಾಕಿ ಕಳಿಸುವುದಕ್ಕೆ ಆ ಕಾಡಿನಲ್ಲಿ ನಮ್ಮ ಮನೆಯವರಲ್ಲದೆ ಇನ್ಯಾರಿದ್ದರು? ಮಾವನವರು ಉಸಿರು ಬಿಟ್ಟರು, ನಿನ್ನೆಯಿಂದ ಹಿಡಿದಿಟ್ಟಿದ್ದನ್ನೆಲ್ಲ ಒಟ್ಟಿಗೆ ಬಿಟ್ಟ ಹಾಗಿತ್ತು. 'ಹುಟ್ಟಿದಾಗ್ನಿಂದ ಮಂಡೀಲೇ ಇದೀನಿ. ಮಾಲು ಬಿಟ್ಟು ಬಿಲ್ಲೆ ನೋಡ್ಕೊಂಡು ಕೂತಿದ್ನಲ್ಲ.'

ಮಾಲು ದಾರ, ಅದು ಯಾರದ್ದು ಅಂತ ತಿಳಿಯಲು ಬಿಲ್ಲೆ. ಅಷ್ಟೇ ವಿಷಯ. ನಾನು ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಕೂತು ಮನಸಾರೆ ಅತ್ತುಬಿಟ್ಟೆ. ಎರಡು ದಿನ ಬಾರದ ಅಳು ಈಗ ಬಂತು. ಅತ್ತು ಮುಗಿದ ಮೇಲೆ ವಿಪರೀತ ಹಸಿವಾಯಿತು. ಒಂದು ಮುದ್ದೆ ಜಾಸ್ತಿ ಉಂಡೆ, ಯಾರೂ ಏನೂ ಅನ್ನಲಿಲ್ಲ.

ಹರಕೆಯ ವಿಷಯ ಮಾತ್ರ ಹಾಗೇ ತೂಗಾಡುತ್ತಿತ್ತು. ಮಾವನವರು ಎದ್ದು ಸ್ನಾನ ಮಾಡಿ ಪೂಜೆಗೆ ಕೂತರು. ಅವತ್ತಿನ ಪೂಜೆ ಎಷ್ಟೊತ್ತಾದರೂ ಮುಗಿಯಲಿಲ್ಲ. ಹೊರಗೆ ಬಂದ ಮೇಲೆ ಮನೆಯಲ್ಲಿ ಏನು ಕಾದಿದೆಯೋ ಅಂತ ಅತ್ತೆ ಕಂಬ ಹಿಡಿದು ನಿಂತಿದ್ದರು. ಮಾವನವರು ಬಂದರು, ಹಣೆಯ ವಿಭೂತಿ ಇನ್ನೂ ಒದ್ದೆಯಾಗಿತ್ತು.

'ಏನು ಹರಕೆ?'

'ದಾರ ಕಟ್ಟಿ ತಂಬಿಟ್ಟಿನಾರತಿ.'

'ತಂಬಿಟ್ಟಿಗೆ ಬೆಲ್ಲ ಐತಾ ಮನೇಲಿ?'

ಅವರು ಕೊಟ್ಟ ತೀರ್ಪು ಅಷ್ಟೇ. ಅತ್ತೆ ತಂಬಿಟ್ಟು ಮಾಡಿ ಬತ್ತಿಯಿಟ್ಟರು. ತಟ್ಟೆ ನಾನು ಹಿಡಿದೆ. ಮಾವನವರು ಪೇಟ ಸುತ್ತಿ, ಕೊಡೆ ಹಿಡಿದು, ಗುಡಿಯ ಹತ್ತಿರದ ತಿರುವಿನ ತನಕ ನಮ್ಮ ಜೊತೆಗೇ ನಡೆದು ಬಂದರು. ಅಲ್ಲಿ ಗುಡಿಗೆ ಬೆನ್ನು ಮಾಡಿ, ಬೆಟ್ಟ ನೋಡಿಕೊಂಡು ನಿಂತುಬಿಟ್ಟರು. ನಾವು ವಾಪಸ್ಸು ಬಂದಾಗಲೂ ಹಾಗೇ ನಿಂತಿದ್ದರು.

'ಗಂಟು ಬಿಗಿಯಾಗಿ ಹಾಕ್ದಾ?' ಅಂತ ಕೇಳಿದರು.

'ಮಂಡಿ ಗಂಟೇ,' ಅಂದರು ಅತ್ತೆ.

ಕೆಲವು ವಾರಗಳಾದ ಮೇಲೆ ಇವರ ಕಾರ್ಡು ಬಂತು. ಕ್ಷೇಮವಾಗಿದ್ದೇನೆ, ಬಿಲ್ಲೆ ಕಳೆದುಕೊಂಡೆ ಅಂತ ಮೇಲಿನವರು ಚೆನ್ನಾಗಿ ಬೈದು ಬೇರೆ ಕೊಟ್ಟರು, ಅಂತ ಬರೆದಿದ್ದರು. ಬೈದದ್ದು ಸಾಲದು ಅಂತ ನನಗನ್ನಿಸಿತು.

ಯುದ್ಧ ಮುಗಿದು, ಬಿಡುಗಡೆಯಾಗಿ, ಒಂದು ದಿನ ತುಮಕೂರು ಬಸ್ಸಿನಿಂದ ಇಳಿದರು. ಸೊರಗಿ ಕಡ್ಡಿಯಾಗಿದ್ದರು. ಅತ್ತೆ ಮೊದಲು ಮಗನ ಎದೆಯ ಮೇಲೆ ಕೈಯಿಟ್ಟು ಲಿಂಗ ಇದೆಯೋ ಅಂತ ಮುಟ್ಟಿ ನೋಡಿದರು, ಆಮೇಲೆ ಮುಖ ನೋಡಿದರು. ಮಾವನವರು ಮಂಡಿಯಲ್ಲಿ ತಕ್ಕಡಿಯ ಮುಂದಿದ್ದರು. ಎದ್ದು ಬರಲಿಲ್ಲ. ಇಷ್ಟಾದರೂ ಬುದ್ಧಿ ಬರಲಿಲ್ಲವಲ್ಲ ಈ ಮನುಷ್ಯನಿಗೆ ಅಂದುಕೊಂಡೆ.

ಹಿತ್ತಲಲ್ಲಿ ನೀರು ಕಾಯಿಸಿದ್ದೆ. ಇವರು ಅಂಗಿ ಬಿಚ್ಚಿ, ಬಿಲ್ಲೆಗಳನ್ನು ಕೊರಳಿಂದ ತೆಗೆದು ನನ್ನ ಕೈಗಿಟ್ಟರು. ಹಸಿರು ಹಳೆಯದು, ಕೆಂಪು ಹೊಸದು. ಬಹಳ ದಿನದಿಂದ ಕೂಡಿಟ್ಟುಕೊಂಡಿದ್ದ ಮಾತನ್ನೆಲ್ಲ ಆಗ ಅಂದುಬಿಟ್ಟೆ. ಆ ಬಿಲ್ಲೆ ಯಾತಕ್ಕೆ ಕಳಿಸಿದಿರಿ, ನಮ್ಮ ಜೀವ ಹೋಗಿ ಬಂತು ಅಂದೆ.

'ಬಿಲ್ಲೆ ಇಲ್ದೆ ಮಾಲು ಹೆಂಗೆ ಕಳ್ಸೋದು?' ಅಂದರು. 'ಎರಡಿದ್ವು. ಒಂದು ತೆಗ್ದು ಕಟ್ದೆ.'

'ಕೆಂಪ್ದು ಯಾಕೆ ಅಂತ ನಿಮಗೆ ಯಾರೂ ಹೇಳಿರ್ಲಿಲ್ವಾ?'

'ಹೇಳಿದ್ರು. ಬಿಸ್ಲಲ್ಲಿ ನಿಲ್ಸಿ ಇಂಗ್ಲಿಷ್‌ನಲ್ಲಿ ಹೇಳಿದ್ರು. ಯಾರು ಕೇಳಿಸ್ಕೊಂಡ್ರು?' ಅಂದು ನಕ್ಕರು. ಆಮೇಲೆ ನಗು ನಿಂತಿತು. 'ಆಮ್ಯಾಕೆ ಗೊತ್ತಾಯ್ತು. ಒಂದ್ಸಲ ಅಂಥ ಕೆಂಪು ಬಿಲ್ಲೆಗಳ ಚೀಲ ನನ್ ಲಾರೀಲೇ ಬಂತು.'

ನಾನು ಮತ್ತೆ ಬೈಯಲಿಲ್ಲ. ಮಣ್ಣಿಗೆ ಹೋಗಬೇಕಾಗಿದ್ದ ಹಸಿರು ಬಿಲ್ಲೆ ಇವರ ಮೈಯ ಬಿಸಿ ಹಿಡಿದುಕೊಂಡು ನನ್ನ ಅಂಗೈಯಲ್ಲಿತ್ತು. ಅಲ್ಲೇ ಸೊಂಟದಲ್ಲಿದ್ದ ಉಗ್ರಾಣದ ಬೀಗದ ಕೈ ತೆಗೆದು ಅದಕ್ಕೆ ಕಟ್ಟಿಬಿಟ್ಟೆ.

'ಇನ್ನು ಇದನ್ನ ಹಾಕ್ಕೊಬ್ಯಾಡಿ,' ಅಂದೆ.

'ಅಂಗಾರೆ ನಾನು ಯಾರ ಮಾಲು ಅಂತ ಜನಕ್ಕೆ ಹೆಂಗೆ ಗೊತ್ತಾಗೋದು?' ಅಂತ ತಮಾಷೆ ಮಾಡಿದರು.

ಅತ್ತೆ ಒಗೆದ ಪಂಚೆ ಹಿಡಿದು ಹಿತ್ತಲಿಗೆ ಬಂದರು. ಆಗ ಮಂಡಿಯ ಕಡೆಯಿಂದ ಮಾವನವರ ದನಿ ಬಂತು.

'ಲೇ, ಅಲ್ಲೇನ್ಲಾ ಮಾಡ್ತಾ ಇದೀಯ? ನೀರು ಆರೋಗ್ತೈತೆ. ಮೈ ತೊಳ್ಕೊಂಡು ಬಾ, ಉಣ್ಣಾನ.'

ಇವರು ಅಲ್ಲಾಡಲಿಲ್ಲ. ಇಷ್ಟು ವರ್ಷದ ಅಭ್ಯಾಸ ನೋಡಿ, ಚೊಂಬು ಹಿಡಿದುಕೊಂಡು ಅತ್ತೆಯ ಮುಖ ನೋಡುತ್ತಾ ನಿಂತರು, ಅವರು ಇನ್ನೊಂದು ಸಲ ಹೇಳಲಿ ಅಂತ.

'ನನ್ ಮುಖ ಯಾಕ್ಲಾ ನೋಡ್ತೀಯ,' ಅಂದರು ಅತ್ತೆ. 'ನಿಮ್ಮಪ್ಪ ನಿನ್ನೇ ಕರೀತಾ ಇರೋದು.'